ಎರಡು ಭಾನುವಾರಗಳ ಟಿ.ವಿ.

1965ರ ಅಕ್ಟೋಬರ್ 10, ಭಾನುವಾರ. ಆ ದಿನ ಬೆಳಿಗ್ಗೆ ಬ್ರಿಟನ್ನಿನ ಬಿಬಿಸಿ ಟೆಲಿವಿಷನ್ನಿನಲ್ಲಿ ಒಂದು ಹೊಸ ಕಾರ್ಯಕ್ರಮ ಶುರುವಾಯಿತು. ಅದರ ಭಾಷೆ ಇಂಗ್ಲಿಷಲ್ಲ. ನಮ್ಮ ಸಿನಿಮಾ ಹಾಡುಗಳಲ್ಲಿ, ರೈಲಿನ ಡಬ್ಬಿಗಳಲ್ಲಿ, ಲಾರಿ ನಿಲ್ಲುವ ಢಾಬಾಗಳಲ್ಲಿ ಕೇಳಿಬರುವ ಹಿಂದೂಸ್ತಾನಿ. ಬರ್ಮಿಂಗ್‌ಹ್ಯಾಮ್ ನಗರದಿಂದ ತಯಾರಾಗಿ ಬರುತ್ತಿದ್ದ ಆ ಕಾರ್ಯಕ್ರಮ ಜನರ ನೆನಪಿನಲ್ಲಿ ಉಳಿದದ್ದು 'ಅಪ್ನಾ ಹೀ ಘರ್ ಸಮಝಿಯೇ' ಎಂಬ ಹೆಸರಿನಿಂದ. ಇದು ನಿಮ್ಮದೇ ಮನೆ ಅಂದುಕೊಳ್ಳಿ ಎಂದು ಅರ್ಥ. ನಮ್ಮ ಮಂಡ್ಯ ಸೀಮೆಯ ದಖನಿಯಲ್ಲಿ ಹೇಳುವುದಾದರೆ 'ಅಪ್ನಾಚ್ ಘರ್ ಸಮ್ಜೋ' ಎನ್ನುತ್ತೇವೆ. ಲಖನೌದವರು 'ಹೀ' ಎನ್ನುವಲ್ಲಿ ನಾವು 'ಚ್' ಹಾಕುವುದನ್ನು ಕೇಳಿ ಉತ್ತರದವರು ನಗುತ್ತಾರೆ. ನಗಲಿ. ಮರಾಠಿಯ ನೆರೆಯಲ್ಲಿ ಬೆಳೆದ ಮಾತಿಗೆ ನೆರೆಯ ಗುರುತು ಇರುವುದು ಸಹಜ.

ಆ ದಿನಾಂಕವನ್ನು ನಾವು ಗಮನಿಸಬೇಕು. ಭಾರತ ಪಾಕಿಸ್ತಾನಗಳ ಯುದ್ಧಕ್ಕೆ ಕದನವಿರಾಮ ಬಿದ್ದದ್ದು 1965ರ ಸೆಪ್ಟೆಂಬರ್ 23ರಂದು. ಅದಾಗಿ ಇನ್ನೂ ಮೂರು ವಾರ ತುಂಬಿರಲಿಲ್ಲ. ತಾಷ್ಕೆಂಟಿನ ಮಾತುಕತೆ ನಡೆಯುವುದು ಮುಂದಿನ ಜನವರಿಯಲ್ಲಿ. ಇಲ್ಲಿ ಎರಡು ದೇಶಗಳ ಸೈನ್ಯಗಳು ಎದುರುಬದುರು ನಿಂತಿದ್ದವು. ಅಲ್ಲಿ ಆ ಎರಡೂ ದೇಶಗಳಿಂದ ಹೋದ ಕೂಲಿಕಾರರಿಗೆ ಒಂದೇ ಭಾಷೆಯಲ್ಲಿ, ಒಂದೇ ಪರದೆಯ ಮೇಲೆ ಮಾತು ಆರಂಭವಾಯಿತು. ನೋಡುಗರಿಗೆ ವರ್ಷಗಟ್ಟಲೆ ಪರಿಚಿತವಾಗಿದ್ದ ಮುಖಗಳಲ್ಲಿ ಒಬ್ಬರ ಹೆಸರು ಮಹೇಂದ್ರ ಕೌಲ್, ಇನ್ನೊಬ್ಬರ ಹೆಸರು ಸಲೀಂ ಶಾಹಿದ್.

ಆಗಿನ ಬ್ರಿಟನ್ನಿನ ಟಿ.ವಿ. ಹೇಗಿತ್ತು ಎಂಬುದನ್ನು ಇಂದಿನ ಓದುಗರಿಗೆ ತುಸು ಹೇಳಬೇಕು. ಇದ್ದದ್ದು ಮೂರೇ ಚಾನೆಲ್. ಬಿಬಿಸಿಯದು ಎರಡು, ಖಾಸಗಿಯವರ ಐಟಿವಿ ಒಂದು. ಬಿಬಿಸಿಯ ಎರಡನೆಯ ಚಾನೆಲ್ 1964ರ ಏಪ್ರಿಲಿನಲ್ಲಿ ಬಂದದ್ದು, ಎಲ್ಲ ಊರಿಗೂ ಇನ್ನೂ ಮುಟ್ಟಿರಲಿಲ್ಲ. ಬಣ್ಣ ಬರುವುದು 1967ಕ್ಕೆ. ದಿನಕ್ಕೆ ಎಷ್ಟು ಗಂಟೆ ಪ್ರಸಾರ ಮಾಡಬಹುದು ಎಂಬುದನ್ನು ಸರ್ಕಾರವೇ ನಿಗದಿ ಮಾಡುತ್ತಿತ್ತು. ಅಂಚೆ ಇಲಾಖೆಯ ಮಂತ್ರಿಗೆ ಆ ಅಧಿಕಾರ. 1957ರವರೆಗೂ ಸಂಜೆ ಆರರಿಂದ ಏಳರ ತನಕ ಪರದೆ ಖಾಲಿ ಇರುತ್ತಿತ್ತು, ತಾಯಂದಿರು ಮಕ್ಕಳನ್ನು ಮಲಗಿಸಲಿ ಎಂದು! ಭಾನುವಾರ ಸಂಜೆ ಒಂದು ಗಂಟೆಗೂ ಹೆಚ್ಚು ಕಾಲ ಧಾರ್ಮಿಕ ಕಾರ್ಯಕ್ರಮಗಳಿಗೆ ಮೀಸಲು. ರಾತ್ರಿ ರಾಣಿಯ ಹೆಸರಿನ ರಾಷ್ಟ್ರಗೀತೆ ನುಡಿಸಿ ಬಾಗಿಲು ಹಾಕುತ್ತಿದ್ದರು. ಹೀಗೆ ಟಿ.ವಿ.ಯ ದಿನವೆಂದರೆ ಅಳೆದು ಹಂಚಿದ ರೇಷನ್. ಯಾರಿಗೆ ಯಾವ ಗಂಟೆ ಸಿಕ್ಕಿತು ಎಂಬುದರಲ್ಲಿ ಆ ಸಮಾಜದಲ್ಲಿ ಯಾರು ಎಲ್ಲಿ ಕೂತಿದ್ದಾರೆ ಎಂಬುದೂ ತಿಳಿಯುತ್ತಿತ್ತು.

ಹಿಂದೂಸ್ತಾನಿಗೆ ಸಿಕ್ಕಿದ್ದು ಭಾನುವಾರ ಬೆಳಗಿನ ಹೊತ್ತು. ಇಂಗ್ಲಿಷರು ನಿದ್ದೆಯಲ್ಲಿರುವ ಅಥವಾ ಚರ್ಚಿಗೆ ಹೊರಡುವ ಹೊತ್ತು. ಬೇರೆ ಯಾರಿಗೂ ಬೇಡವಾದ ಜಾಗವನ್ನು ಕೊಟ್ಟರೆ ಜಗಳವಿಲ್ಲ ಎಂಬ ಲೆಕ್ಕ ಅದರಲ್ಲಿ ಇತ್ತೆಂದು ನಮಗೆ ತೋರುತ್ತದೆ. ಆದರೂ ಫೌಂಡ್ರಿಗಳಲ್ಲಿ, ಬಟ್ಟೆಯ ಗಿರಣಿಗಳಲ್ಲಿ ವಾರವಿಡೀ ರಾತ್ರಿಪಾಳಿ ದುಡಿದವರಿಗೆ ರಜೆ ಇದ್ದದ್ದು ಅದೇ ದಿನ. ಮನೆಯಿಂದ ಹೊರಬರದ, ಇಂಗ್ಲಿಷ್ ಬಾರದ ಹೆಂಗಸರಿಗಂತೂ ವಾರಕ್ಕೊಮ್ಮೆ ಅರ್ಥವಾಗುವ ಮಾತು ಕೇಳಿಸುತ್ತಿದ್ದದ್ದು ಅದರಿಂದಲೇ. ಇಂಗ್ಲಿಷ್ ಪಾಠ, ಡಾಕ್ಟರನ್ನು ಕಾಣುವ ಬಗೆ, ಮಕ್ಕಳ ಶಾಲೆ, ನೌಕರಿಯ ಕಾನೂನು, ನಡುವೆ ಒಂದೆರಡು ಹಾಡು. ಇಷ್ಟೇ ಅದರ ಸರಕು.

ಈ ಕಾರ್ಯಕ್ರಮ ಹುಟ್ಟಿದ ಬಗೆಯೂ ಕುತೂಹಲಕರವಾಗಿದೆ. 1965ರ ಜುಲೈಯಲ್ಲಿ ಬಿಬಿಸಿಯ ಮುಖ್ಯಸ್ಥ ಹ್ಯೂ ಗ್ರೀನ್ ಎರಡು ಸಭೆ ಕರೆದರು. ಒಂದಕ್ಕೆ ಭಾರತ ಪಾಕಿಸ್ತಾನಗಳಿಂದ ಬಂದವರ ಪ್ರತಿನಿಧಿಗಳು. ಇನ್ನೊಂದಕ್ಕೆ ವೆಸ್ಟ್ ಇಂಡೀಸಿನ ಕಪ್ಪು ಜನರ ಪ್ರತಿನಿಧಿಗಳು. ನಿಮಗೆ ಪ್ರತ್ಯೇಕ ಕಾರ್ಯಕ್ರಮ ಬೇಕೇ ಎಂಬುದು ಪ್ರಶ್ನೆ. ನಮ್ಮವರು ಬೇಕೆಂದರು. ವೆಸ್ಟ್ ಇಂಡೀಸಿನವರು ಬೇಡವೆಂದರು. ನಮ್ಮನ್ನು ಪ್ರತ್ಯೇಕವಾಗಿ ಕೂರಿಸಬೇಡಿ, ಎಲ್ಲರ ಕಾರ್ಯಕ್ರಮಗಳಲ್ಲೇ ನಮ್ಮ ಮುಖವೂ ಕಾಣುವಂತೆ ಮಾಡಿ ಎಂಬುದು ಅವರ ಮಾತಿನ ತಿರುಳು. ಎರಡೂ ಉತ್ತರಗಳಲ್ಲಿ ನ್ಯಾಯವಿದೆ. ಆದರೆ ವೆಸ್ಟ್ ಇಂಡೀಸಿನವರ ಆಸೆ ಸುಲಭಕ್ಕೆ ಕೈಗೂಡುವಂಥದ್ದಾಗಿರಲಿಲ್ಲ. ಅದೇ ಬಿಬಿಸಿಯಲ್ಲಿ ಆ ಕಾಲಕ್ಕೆ 'ಬ್ಲ್ಯಾಕ್ ಅಂಡ್ ವೈಟ್ ಮಿನ್‌ಸ್ಟ್ರೆಲ್ ಷೋ' ಎಂಬ ಹಾಡುಕುಣಿತದ ಕಾರ್ಯಕ್ರಮ ಬರುತ್ತಿತ್ತು. ಬಿಳಿಯ ಗಂಡಸರು ಮುಖಕ್ಕೆ ಮಸಿ ಬಳಿದುಕೊಂಡು ಕರಿಯರ ವೇಷದಲ್ಲಿ ಹಾಡುವುದು ಅದರ ಆಕರ್ಷಣೆ. ಒಂದು ಕೋಟಿಗೂ ಹೆಚ್ಚು ಜನ ಅದನ್ನು ನೋಡುತ್ತಿದ್ದರು. 1967ರಲ್ಲಿ ಅದರ ವಿರುದ್ಧ ಮನವಿ ಸಲ್ಲಿಕೆಯಾಯಿತು. ನಿಂತದ್ದು 1978ರಲ್ಲಿ.

ಇನ್ನೊಂದು ಮಾತು. 1964ರ ಚುನಾವಣೆಯಲ್ಲಿ ಬರ್ಮಿಂಗ್‌ಹ್ಯಾಮಿನ ಮಗ್ಗುಲಿನ ಸ್ಮೆಥ್‌ವಿಕ್ ಕ್ಷೇತ್ರವನ್ನು ಪೀಟರ್ ಗ್ರಿಫಿತ್ಸ್ ಗೆದ್ದದ್ದು ವಲಸಿಗರ ವಿರುದ್ಧದ ಹೊಲಸು ಪ್ರಚಾರದ ಬಲದಿಂದ. ಅದನ್ನು ಕಣ್ಣಾರೆ ನೋಡಲು 1965ರ ಫೆಬ್ರವರಿಯಲ್ಲಿ ಮಾಲ್ಕಮ್ ಎಕ್ಸ್ ಅಲ್ಲಿಗೆ ಹೋಗಿದ್ದರು, ತಾವು ಕೊಲೆಯಾಗುವ ಕೆಲವೇ ದಿನಗಳ ಮೊದಲು. ಆಗಸ್ಟಿನಲ್ಲಿ ಬ್ರಿಟಿಷ್ ಸರ್ಕಾರ ವಲಸೆಯ ಪರವಾನಗಿಗಳನ್ನು ವರ್ಷಕ್ಕೆ 8,500ಕ್ಕೆ ಇಳಿಸುವುದಾಗಿ ಶ್ವೇತಪತ್ರ ಹೊರಡಿಸಿತು. ಅಕ್ಟೋಬರಿನಲ್ಲಿ ಟಿ.ವಿ. ಹೇಳಿತು, ಇದು ನಿಮ್ಮದೇ ಮನೆ ಅಂದುಕೊಳ್ಳಿ. ಒಳಗೆ ಬಂದವರಿಗೆ ಚಹಾ, ಗೇಟಿಗೆ ಬೀಗ.

ಇಷ್ಟಾಗಿಯೂ ಯಾರೂ ಆ ಅರ್ಧ ಗಂಟೆಯ ಹಿಂದೂಸ್ತಾನಿಗಾಗಿ ಬೆಂಕಿ ಹಚ್ಚಲಿಲ್ಲ. ಗೊಣಗಿದವರಿದ್ದರು. ಎನೋಕ್ ಪೊವೆಲ್ 1968ರ ಏಪ್ರಿಲಿನಲ್ಲಿ ಅದೇ ಬರ್ಮಿಂಗ್‌ಹ್ಯಾಮಿನಲ್ಲಿ ವಿಷದ ಭಾಷಣ ಮಾಡಿದ. ಅದೇ ವರ್ಷ ಕಾರ್ಯಕ್ರಮದ ಹೆಸರು 'ನಈ ಜಿಂದಗಿ ನಯಾ ಜೀವನ್' ಎಂದು ಬದಲಾಯಿತು. ಒಂದೇ ಮಾತನ್ನು ಉರ್ದುವಿನಲ್ಲೂ ಹಿಂದಿಯಲ್ಲೂ ಎರಡು ಸಲ ಹೇಳುವ ಈ ಹೆಸರು ನಮಗೆ ಬಹಳ ಇಷ್ಟ. ಅದು 1982ರ ತನಕ ನಡೆಯಿತು.

ಹಿಂದೂಸ್ತಾನಿಯನ್ನು ಆರಿಸಿದ್ದರಲ್ಲಿ ಒಂದು ಜಾಣತನವಿತ್ತು, ಒಂದು ಕುರುಡುತನವೂ ಇತ್ತು. ಹಿಂದಿ ಎಂದರೆ ಪಾಕಿಸ್ತಾನಿಗಳಿಗೆ ಮುನಿಸು, ಉರ್ದು ಎಂದರೆ ಭಾರತೀಯರಿಗೆ ಅನುಮಾನ. ಎರಡೂ ಹೆಸರು ಬಿಟ್ಟು ನಡುವಿನ ಮಾತು ಹಿಡಿದದ್ದು ಜಾಣತನ. ಆದರೆ ಅದನ್ನು ನೋಡುತ್ತಿದ್ದವರಲ್ಲಿ ಎಷ್ಟು ಜನರ ತಾಯ್ನುಡಿ ಅದು? ಜಲಂಧರಿನ ಸಿಖ್ಖರದು ಪಂಜಾಬಿ. ಮೀರ್‌ಪುರದವರದು ಪಹಾಡಿ. ಸಿಲ್ಹೆಟ್ಟಿನ ಮುಸಲ್ಮಾನರದು ಬಂಗಾಳಿಯ ಇನ್ನೊಂದು ರೂಪ. ಸೂರತ್ತಿನವರದು ಗುಜರಾತಿ. ಇವರೆಲ್ಲ ಸಿನಿಮಾ ನೋಡಿ ಕಲಿತ ಹಿಂದೂಸ್ತಾನಿಯಲ್ಲಿ ಬಿಬಿಸಿಯನ್ನು ಅರ್ಥಮಾಡಿಕೊಳ್ಳಬೇಕಿತ್ತು. ಹೊರಗಿನಿಂದ ನೋಡುವವರಿಗೆ ಒಂದು ಗುಂಪಿನ ಜನರಿಗೆಲ್ಲ ಒಂದೇ ನಾಲಿಗೆ ಇರುವಂತೆ ಕಾಣುತ್ತದೆ.

ನಾವು ಬಾಳುವ ಈ ಸೀಮೆಯಲ್ಲಿ ಒಂದು ನಾಲಿಗೆಯ ಲೆಕ್ಕ ಯಾವತ್ತೂ ಹೊಂದಿದ್ದಿಲ್ಲ. ಮೇಲುಕೋಟೆಯನ್ನೇ ನೋಡಿ. ಪಾಂಡವಪುರ ತಾಲೂಕಿನ ಈ ಬೆಟ್ಟದ ಊರಲ್ಲಿ ಚೆಲುವನಾರಾಯಣನ ಮುಂದೆ ಸಂಸ್ಕೃತದ ವೇದವೂ ಆಗಬೇಕು, ತಮಿಳಿನ ದಿವ್ಯಪ್ರಬಂಧವೂ ಆಗಬೇಕು. ರಾಮಾನುಜರ ಹಿಂದೆ ಬಂದು ನೆಲೆಸಿದ ಅಯ್ಯಂಗಾರರ ಮನೆಮಾತು ತಮಿಳು. ಆ ತಮಿಳಿನ ಮನೆಯಿಂದಲೇ ಕನ್ನಡಕ್ಕೆ ಪು.ತಿ.ನ. ಬಂದರು. ನಾವು ಮಾತಾಡುತ್ತಿರುವ ಅದೇ ಅರವತ್ತರ ದಶಕದಲ್ಲಿ, 1966ರಲ್ಲಿ, 'ಹಂಸದಮಯಂತಿ ಮತ್ತು ಇತರ ರೂಪಕಗಳು' ಕೃತಿಗೆ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ ಮನೆಮಾತು ಯಾವುದೆಂದು ಯಾರೂ ಕೇಳಲಿಲ್ಲ. ದೇವರ ಪಾದದಲ್ಲಿ ಬೀಬಿ ನಾಚ್ಚಿಯಾರ್ ಇದ್ದಾಳೆ. ದಿಲ್ಲಿಯ ಸುಲ್ತಾನನ ಮಗಳು, ದೇವರ ಉತ್ಸವಮೂರ್ತಿಯನ್ನು ಬಿಟ್ಟಿರಲಾರದೆ ಹಿಂಬಾಲಿಸಿ ಬಂದವಳು ಎಂದು ಐತಿಹ್ಯ. ಶ್ರೀರಂಗದಲ್ಲಿ ಆಕೆಯ ಹೆಸರಿನಲ್ಲಿ ದೇವರಿಗೆ ರೊಟ್ಟಿಯ ನೈವೇದ್ಯವಾಗುತ್ತದೆ. ಆಕೆ ದೇವರ ಜೊತೆ ಯಾವ ಭಾಷೆಯಲ್ಲಿ ಮಾತಾಡಿರಬಹುದು ಎಂದು ನಾವು ಅನೇಕ ಸಲ ಯೋಚಿಸಿದ್ದೇವೆ. ಐತಿಹ್ಯ ಆ ಪ್ರಶ್ನೆಯನ್ನು ಎತ್ತುವುದೇ ಇಲ್ಲ. ಬೆಟ್ಟ ಇಳಿದು ಪಾಂಡವಪುರ, ಶ್ರೀರಂಗಪಟ್ಟಣ, ನಾಗಮಂಗಲಕ್ಕೆ ಬಂದರೆ ಮುಸಲ್ಮಾನರ ಮನೆಗಳಲ್ಲಿ ದಖನಿ, ಅಂಗಡಿಯ ಕಟ್ಟೆಯಲ್ಲಿ ಮಂಡ್ಯದ ಕನ್ನಡ, ಮದರಸದಲ್ಲಿ ಕಿತಾಬಿನ ಉರ್ದು. ಒಬ್ಬನೇ ಹುಡುಗ ಬೆಳಗಿನಿಂದ ಸಂಜೆಯೊಳಗೆ ಮೂರನ್ನೂ ಆಡಿ ಮುಗಿಸುತ್ತಾನೆ.

1965ರಲ್ಲಿ ಈ ಸೀಮೆಗೆ ಟಿ.ವಿ. ಎಂಬುದು ಕೇಳಿದ ಮಾತು ಮಾತ್ರ. ದೇಶದಲ್ಲಿ ಟಿ.ವಿ. ಇದ್ದದ್ದು ದಿಲ್ಲಿಯಲ್ಲಷ್ಟೆ. 1959ರ ಸೆಪ್ಟೆಂಬರಿನಲ್ಲಿ ಪ್ರಯೋಗವಾಗಿ ಆರಂಭವಾದದ್ದು ನಿತ್ಯದ ಪ್ರಸಾರವಾದದ್ದು 1965ರಲ್ಲಿ. ಮುಂಬಯಿಗೆ ಅದು ಬಂದದ್ದು 1972ಕ್ಕೆ. ನಮ್ಮ ಕಡೆ ರೇಡಿಯೋವೇ ಎಲ್ಲ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮೈಸೂರಿನ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದ ನಾಡಿದು. ಆಕಾಶವಾಣಿ ಎಂಬ ಹೆಸರೂ ಅಲ್ಲಿಯದೇ. ಆ ರೇಡಿಯೋದಲ್ಲಿ ಬುಧವಾರ ರಾತ್ರಿ ಸಿಲೋನ್ ಹಿಡಿದರೆ ಅಮೀನ್ ಸಯಾನಿಯ ಬಿನಾಕಾ ಗೀತ್‌ಮಾಲಾ. ಸಾಹಿರ್, ಶಕೀಲ್, ಮಜ್ರೂಹ್ ಬರೆದ ಹಾಡುಗಳನ್ನು ಒಕ್ಕಲಿಗರ ಹುಡುಗರೂ ಅಯ್ಯಂಗಾರರ ಹುಡುಗರೂ ಗುನುಗಿದರು. ಅದನ್ನು ಉರ್ದು ಎಂದು ಯಾರೂ ಕರೆಯದ ಕಾರಣ ಯಾರಿಗೂ ಅದು ಉರ್ದು ಅನ್ನಿಸಲಿಲ್ಲ.

ಬೆಂಗಳೂರು ದೂರದರ್ಶನ ಆರಂಭವಾದದ್ದು 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಮರುವರ್ಷ ಗೋಕಾಕ್ ಚಳವಳಿ. ಆ ವರ್ಷವೇ ಆಗಸ್ಟ್ 15ರಿಂದ ದಿಲ್ಲಿಯ ರಾಷ್ಟ್ರೀಯ ಕಾರ್ಯಕ್ರಮ ಇಡೀ ದೇಶದ ಮೇಲೆ ಇಳಿಯಿತು. ರಾತ್ರಿಯ ಒಳ್ಳೆಯ ಹೊತ್ತೆಲ್ಲ ಹಿಂದಿಗೆ ಮತ್ತು ಇಂಗ್ಲಿಷಿಗೆ. ಕನ್ನಡಕ್ಕೆ ಉಳಿದದ್ದು ಸಂಜೆಯ ಒಂದು ತುಣುಕು. ಕನ್ನಡಿಗರಿಗೆ ತಮ್ಮ ರಾಜಧಾನಿಯ ಟಿ.ವಿ.ಯಲ್ಲಿ ತಮ್ಮ ಭಾಷೆ ಬಾಡಿಗೆಗೆ ಕೂತಂತೆ ಅನ್ನಿಸಿದ್ದರೆ ಅದು ಸುಳ್ಳಲ್ಲ. ಆ ನೋವು ನಮ್ಮದೂ ಆಗಿತ್ತು.

ಬ್ರಿಟನ್ನಿನ ವೇಲ್ಸ್ ಪ್ರಾಂತದವರದೂ ಇದೇ ಕಥೆ. ಅವರ ವೆಲ್ಷ್ ಭಾಷೆಯನ್ನು ಲಂಡನ್ನಿನ ಟಿ.ವಿ. ಮೂಲೆಗೆ ತಳ್ಳಿತ್ತು. ಸಂಜೆ ವೆಲ್ಷ್ ಕಾರ್ಯಕ್ರಮ ಬಂದರೆ ಇಂಗ್ಲಿಷ್ ಬಯಸುವವರು ಮುನಿದು ತಮ್ಮ ಮನೆಯ ಆಂಟೆನಾವನ್ನು ಇಂಗ್ಲೆಂಡಿನ ಕಡೆಗೆ ತಿರುಗಿಸಿಕೊಳ್ಳುತ್ತಿದ್ದರು. ಪ್ರತಿಭಟನೆ ಎಂದರೆ ಇಷ್ಟೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು! ಕಡೆಗೆ 1980ರಲ್ಲಿ ಗ್ವಿನ್‌ಫರ್ ಎವಾನ್ಸ್ ಎಂಬ ನಾಯಕ ಆಮರಣ ಉಪವಾಸ ಕೂರುತ್ತೇನೆ ಎಂದಾಗ ಲಂಡನ್ ಮಣಿಯಿತು. ವೆಲ್ಷ್ ಚಾನೆಲ್ 1982ರ ನವೆಂಬರ್ 1ರಂದು ಶುರುವಾಯಿತು. ಅಲ್ಲಿಯೂ ನವೆಂಬರ್ 1. ವೇಲ್ಸಿನವರು ತಮಗೆ ಬೇಕಾದ ಸಮಯವನ್ನು ಕೇಳಿದ್ದು ಅದನ್ನು ಕಿತ್ತುಕೊಂಡಿದ್ದ ಲಂಡನ್ನಿನಿಂದ. ಭಾನುವಾರ ಬೆಳಗಿನ ಹಿಂದೂಸ್ತಾನಿಯಿಂದಲ್ಲ.

ಈಗ ನಮ್ಮ ಭಾನುವಾರಕ್ಕೆ ಬರೋಣ. 1994ರ ಅಕ್ಟೋಬರ್ 2. ಗಾಂಧಿ ಜಯಂತಿ. ಎರಡೂ ಲಿಪಿಗಳ ಹಿಂದೂಸ್ತಾನಿಗಾಗಿ ವಾದಿಸಿ 1945ರಲ್ಲಿ ಹಿಂದಿ ಸಾಹಿತ್ಯ ಸಮ್ಮೇಳನದಿಂದಲೇ ಹೊರಬಂದ ಗಾಂಧಿಯ ಹುಟ್ಟುಹಬ್ಬ. ಅಂದು ಬೆಂಗಳೂರು ದೂರದರ್ಶನದಲ್ಲಿ ಸಂಜೆಯ ಕನ್ನಡ ವಾರ್ತೆಯ ಬೆನ್ನಿಗೆ ಹತ್ತು ನಿಮಿಷಗಳ ಉರ್ದು ವಾರ್ತೆ ಆರಂಭವಾಯಿತು. ರಾಜ್ಯದಲ್ಲಿ ವೀರಪ್ಪ ಮೊಯಿಲಿಯವರ ಸರ್ಕಾರ. ವಿಧಾನಸಭೆಯ ಚುನಾವಣೆ ಬಾಗಿಲಲ್ಲಿತ್ತು. ಬಾಬರಿ ಮಸೀದಿ ಕೆಡವಿ ಎರಡು ವರ್ಷವೂ ಆಗಿರಲಿಲ್ಲ. ಆಗಸ್ಟ್ 15ರಂದು ಹುಬ್ಬಳ್ಳಿಯ ಈದ್ಗಾ ಮೈದಾನದ ವಿಷಯದಲ್ಲಿ ಗೋಲಿಬಾರಾಗಿ ಜನ ಸತ್ತಿದ್ದರು. ಅಂಥ ಹೊತ್ತಿನಲ್ಲಿ ಈ ಹತ್ತು ನಿಮಿಷ ಒಂದು ಸವಲತ್ತಿನಂತೆ ಬಂತು. ಯಾರೊಂದಿಗೂ ಕೂತು ಮಾತಾಡದೆ, ಯಾರ ಆತಂಕವನ್ನೂ ಕೇಳಿಸಿಕೊಳ್ಳದೆ ಮುಸಲ್ಮಾನರ ಕೈಗೆ ಒಂದು ಪೊಟ್ಟಣ ಕೊಟ್ಟಹಾಗೆ. ಕನ್ನಡ ಸಂಘಟನೆಗಳು ಬೀದಿಗಿಳಿದವು. ವಿರೋಧ ಪಕ್ಷದ ರಾಜಕೀಯ ಜೊತೆಗೂಡಿತು. ವಾರ ಕಳೆಯುವಷ್ಟರಲ್ಲಿ ಭಾಷೆಯ ಗಲಾಟೆ ಕೋಮು ಗಲಭೆಯಾಗಿ ಬೆಂಗಳೂರಿನ ಬಡಾವಣೆಗಳು ಉರಿದವು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಉರ್ದು ವಾರ್ತೆಯನ್ನು ನಿಲ್ಲಿಸಲಾಯಿತು.

ಸತ್ತವರು ಆ ವಾರ್ತೆಗೆ ಸಮಯ ನಿಗದಿ ಮಾಡಿದವರಲ್ಲ.

ಉರ್ದುವನ್ನು ಪ್ರೈಮ್ ಟೈಮಿನಲ್ಲಿ ಹಾಕಬಾರದಿತ್ತು, ಬೇರೆ ಹೊತ್ತಿನಲ್ಲಿ ಹಾಕಿದ್ದರೆ ತಕರಾರಿರಲಿಲ್ಲ ಎಂದು ವಾದಿಸಿದ ಸಜ್ಜನರೂ ಆಗ ಇದ್ದರು. ಅಂದರೆ ಬಿಬಿಸಿಯ ಭಾನುವಾರದ ಬೆಳಗಿನ ಸೂತ್ರ. ಈ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಅದರಲ್ಲೊಂದು ತೊಡಕಿದೆ. ಬಿಬಿಸಿಯ ಸೂತ್ರ ಅತಿಥಿಗಳದು. ಇದು ನಿಮ್ಮದೇ ಮನೆ ಅಂದುಕೊಳ್ಳಿ ಎಂದು ಯಾರಿಗಾದರೂ ಹೇಳಿದಾಗ ಅದು ಅವರ ಮನೆಯಲ್ಲ ಎಂಬುದು ಇಬ್ಬರಿಗೂ ಗೊತ್ತಿರುತ್ತದೆ. ಬರ್ಮಿಂಗ್‌ಹ್ಯಾಮಿಗೆ ಹತ್ತು ವರ್ಷದ ಹಿಂದೆ ಹಡಗಿನಲ್ಲಿ ಬಂದಿಳಿದವನಿಗೆ ಆ ಮಾತು ಒಪ್ಪುತ್ತದೆ. ಗುಲಬರ್ಗಾದ ಬಂದೇನವಾಜರು ತೀರಿಕೊಂಡದ್ದು 1422ರಲ್ಲಿ. ಬಿಜಾಪುರದ ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹ ಸರಸ್ವತಿಯನ್ನೂ ಗಣಪತಿಯನ್ನೂ ನೆನೆದು ದಖನಿಯಲ್ಲಿ 'ಕಿತಾಬ್-ಎ-ನೌರಸ್' ಬರೆದು ನಾಲ್ಕು ನೂರು ವರ್ಷವಾಯಿತು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕನ್ನಡದ ನಂತರ ಅತಿ ಹೆಚ್ಚು ಜನರ ತಾಯ್ನುಡಿ ಉರ್ದು, ನೂರಕ್ಕೆ ಸುಮಾರು ಹನ್ನೊಂದು. ಈ ಜನರನ್ನು ಯಾರೂ ಮನೆಯೊಳಗೆ ಕರೆಯಬೇಕಾಗಿಲ್ಲ. ಅವರು ಇಲ್ಲಿಯೇ ಹುಟ್ಟಿ ಇಲ್ಲಿಯೇ ಮಣ್ಣಾದವರು.

ಇನ್ನೊಂದು ಕಡೆಯಿಂದಲೂ ನೋಡಬೇಕು, ನಮ್ಮವರಿಗೆ ಇದು ಕಹಿಯಾದೀತು. ಕರ್ನಾಟಕದ ಮುಸಲ್ಮಾನರೆಲ್ಲರ ಭಾಷೆ ಉರ್ದು ಎಂದು ಹೇಳಿದವರು ಯಾರು? ಮಂಗಳೂರಿನ ಬ್ಯಾರಿಗಳಿಗೆ ಆ ಹತ್ತು ನಿಮಿಷದಿಂದ ಏನು ಲಾಭ? ಭಟ್ಕಳದ ನವಾಯತರು ಮನೆಯಲ್ಲಿ ಆಡುವುದು ಕೊಂಕಣಿಯ ಬಗೆಯ ನವಾಯತಿ. ಕೊಡಗಿನ ಮುಸಲ್ಮಾನರ ಮನೆಮಾತುಗಳು ಬೇರೆ. ಉರ್ದು ಆಡುವ ನಮ್ಮ ಮಂಡ್ಯ ಮೈಸೂರಿನ ಮನೆಗಳಲ್ಲೂ ವಾರ್ತೆಯ ಫಾರಸಿ ತುಂಬಿದ ಉರ್ದು ಹಜ್ರತ್ತರ ಬಯಾನಿನಂತೆ, ಅರ್ಧ ತಿಳಿಯುತ್ತದೆ, ಅರ್ಧಕ್ಕೆ ತಲೆಯಾಡಿಸಬೇಕು. ಸರ್ಕಾರ ಉರ್ದು ಎಂದರೆ ಮುಸಲ್ಮಾನ ಎಂದು ಎಣಿಸಿ ಕೊಟ್ಟಿತು. ಕಲ್ಲು ಹಿಡಿದವರು ಅದೇ ಎಣಿಕೆಯಿಂದ ಹೊಡೆದರು. ನಮ್ಮ ಮುಖಂಡರೂ ಅದೇ ಎಣಿಕೆಯನ್ನು ಒಪ್ಪಿ ಸನ್ಮಾನ ಮಾಡಲು ಹೋದರು. ದಖನಿಯನ್ನು ಮಾತ್ರ ಯಾರೂ ಕೇಳಲಿಲ್ಲ. ಅದು ವಾರ್ತೆಗೆ ಯೋಗ್ಯವಾದ ಭಾಷೆ ಎಂದು ನಮಗೇ ಅನ್ನಿಸಿರಲಿಲ್ಲ.

ವಿಚಿತ್ರವೆಂದರೆ ಕಥೆಯಾಗಿ ಬಂದ ಉರ್ದು ಯಾರಿಗೂ ಭಾರವಾಗಿರಲಿಲ್ಲ. 1988ರಿಂದ 1990ರ ತನಕ ಭಾನುವಾರದ ಬೆಳಿಗ್ಗೆ ಊರೂರು ಸ್ತಬ್ಧವಾಗಿ ನೋಡಿದ 'ಮಹಾಭಾರತ'ದ ಸಂಭಾಷಣೆ ರಾಹಿ ಮಾಸೂಂ ರಜಾ ಅವರದು. 1990ರಲ್ಲಿ ದೂರದರ್ಶನದಲ್ಲಿ ಬಂದ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಧಾರಾವಾಹಿಯಲ್ಲಿ ಶ್ರೀರಂಗಪಟ್ಟಣದವರು ತಮ್ಮ ಸುಲ್ತಾನ ಬೊಂಬಾಯಿಯ ಉರ್ದು ಆಡುವುದನ್ನು ಕಂಡರು. ಅದರ ಚಿತ್ರೀಕರಣದ ವೇಳೆ 1989ರ ಫೆಬ್ರವರಿಯಲ್ಲಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಬೆಂಕಿ ಬಿದ್ದು ಅರವತ್ತಕ್ಕೂ ಹೆಚ್ಚು ಜನ ಸತ್ತ ನೋವು ಈ ಕಡೆಯವರಿಗೆ ಇನ್ನೂ ಮರೆತಿಲ್ಲ. ಧಾರಾವಾಹಿಯ ಬಗ್ಗೆ ತಕರಾರು ಎದ್ದದ್ದು ಟಿಪ್ಪುವಿನ ಇತಿಹಾಸಕ್ಕಾಗಿ, ಭಾಷೆಗಾಗಿ ಅಲ್ಲ. ವಾರ್ತೆಯ ಮಾತೇ ಬೇರೆ. ಹಾಡಿಗೆ, ಕಥೆಗೆ ಮನರಂಜನೆಯ ಹಕ್ಕು ಇರುತ್ತದೆ. ವಾರ್ತೆ ಓದುವ ಭಾಷೆ ಮಾತ್ರ ತಾನೂ ಈ ನಾಡಿನ ಪಾಲುದಾರ ಎಂದು ಹೇಳಿದಂತಾಗುತ್ತದೆ.

ಆಮೇಲೆ ಉಪಗ್ರಹ ಚಾನೆಲ್ಲುಗಳು ಬಂದವು. ಉದಯ ಟಿ.ವಿ. ಅದೇ 1994ರಲ್ಲಿ ಶುರುವಾಗಿ ಕನ್ನಡಕ್ಕೆ ದಿಲ್ಲಿ ಕೊಡದಿದ್ದ ಗಂಟೆಗಳನ್ನು ಕೊಟ್ಟಿತು. 2001ರಲ್ಲಿ ಈಟಿವಿ ಉರ್ದು, 2006ರಲ್ಲಿ ಡಿಡಿ ಉರ್ದು ಬಂದವು. ಹತ್ತು ನಿಮಿಷಕ್ಕಾಗಿ ಹೆಣ ಬಿದ್ದ ನಗರದಲ್ಲಿ ದಿನವಿಡೀ ಉರ್ದು ಬಂತು, ಯಾರೂ ತಿರುಗಿ ನೋಡಲಿಲ್ಲ. ರೇಷನ್ನಿನ ಕ್ಯೂ ಮುಗಿದಿತ್ತು. ಜಗಳ ನಿಜವಾಗಿ ಇದ್ದದ್ದು ಕ್ಯೂ ನಿಲ್ಲಿಸಿದವರ ಜೊತೆ, ಹೊಡೆದಾಡಿದ್ದು ಕ್ಯೂನಲ್ಲಿ ಹಿಂದೆ ಮುಂದೆ ನಿಂತವರು.

ಆದರೆ ಮನೆ ಯಾರದು ಎಂಬ ಪ್ರಶ್ನೆ ಬೇರೆ ವೇಷದಲ್ಲಿ ಬರುತ್ತಲೇ ಇದೆ. ದಖನಿಯ ಮನೆಯಿಂದ ಬಂದು ಕನ್ನಡದಲ್ಲಿ ಕಥೆ ಬರೆದ ಬಾನು ಮುಷ್ತಾಕ್ ಅವರಿಗೆ 2025ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಕನ್ನಡದ ಎಲ್ಲ ಚಾನೆಲ್ಲುಗಳೂ ನಮ್ಮವರು ಎಂದವು. ನಾಲ್ಕು ತಿಂಗಳ ನಂತರ ಅದೇ ಬಾನು ಅವರು ಮೈಸೂರಿನ ದಸರಾ ಉದ್ಘಾಟಿಸಬಹುದೇ ಎಂಬ ಪ್ರಶ್ನೆ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಎರಡೂ ಕಡೆ ಅರ್ಜಿ ವಜಾ ಆಯಿತು. ಸೆಪ್ಟೆಂಬರ್ 22ರಂದು ಅವರು ಚಾಮುಂಡಿ ಬೆಟ್ಟದಲ್ಲಿ ಉದ್ಘಾಟನೆ ಮಾಡಿ ಮಾತಾಡಿದರು. ಅವರು ಆಡಿದ್ದು ಕನ್ನಡ. ಹತ್ತು ನಿಮಿಷದ ಉರ್ದು ಬೇಡವಾಗಿದ್ದವರಲ್ಲಿ ಕೆಲವರಿಗೆ ಈ ಕನ್ನಡವೂ ಬೇಡವಾಗಿತ್ತು. ಹಾಗಾದರೆ ಅಂದಿನ ತಕರಾರು ಭಾಷೆಯದೇ ಆಗಿತ್ತೇ ಎಂದು ನಾವು ಕೇಳಬೇಕಾಗುತ್ತದೆ.

ನಮ್ಮ ಕಡೆಯ ಹುಡುಗ ಹುಡುಗಿಯರು ಈಗ ಟಿ.ವಿ.ಯನ್ನೇ ನೋಡುವುದಿಲ್ಲ. ಮೊಬೈಲಿನಲ್ಲಿ ತಾವೇ ಚಿಕ್ಕ ಚಿಕ್ಕ ನಗೆಯ ವಿಡಿಯೋ ಮಾಡಿ ಹಾಕುತ್ತಾರೆ. ಅದರಲ್ಲಿ ವಾರ್ತೆಗೆ ಯೋಗ್ಯವಲ್ಲ ಎಂದು ನಾವು ಬಿಟ್ಟಿದ್ದ ದಖನಿ ಇದೆ, ಅದರೊಳಗೆ ಅರ್ಧಕ್ಕರ್ಧ ಕನ್ನಡ. ಅಪ್ಪ ಮಂಡ್ಯದ ಕನ್ನಡದಲ್ಲಿ ಗದರುತ್ತಾನೆ, ಅಮ್ಮ 'ಕೈಕೂ ಚಿಲ್ಲಾತಾ ಜೀ' ಎಂದು ಜವಾಬು ಕೊಡುತ್ತಾಳೆ, ಮಗ ಎರಡನ್ನೂ ಒಂದೇ ವಾಕ್ಯದಲ್ಲಿ ಸೇರಿಸಿ ಜಾರಿಕೊಳ್ಳುತ್ತಾನೆ. ಕೆಳಗೆ ನಗುವ ಗೊಂಬೆಗಳನ್ನು ಒತ್ತಿದವರ ಹೆಸರುಗಳಲ್ಲಿ ಗೌಡರೂ ಇರುತ್ತಾರೆ, ಖಾನರೂ ಇರುತ್ತಾರೆ.